ಕೋರಮಂಡಲ್‌ನ ಸ್ಟಾರ್ಟಪ್‌ಗಳು

ಬೆಂಗಳೂರಿನಲ್ಲಿ ಯಾರಾದ್ರೂ ‘ಸ್ಟಾರ್ಟಪ್’ ಅಂದ ಕೂಡಲೇ ತಲೆಗೆ ಬರೋದು ಕೋರಮಂಗಲ. ನಾನೀಗ ಹೇಳಹೊರಟಿರೋದು ಕೋರಮಂಡಲ್ ಕಥೆ. ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂ ಕಡೆಗೆ ಒಂದು ಕವಲು ರೈಲು ದಾರಿ ಹೋಗುತ್ತಲ್ಲ, ಅದರ ಮೇಲಿರುವ ಸಣ್ಣ ಸ್ಟೇಷನ್ ಅದು. ಅದನ್ನು ದಾಟಿದರೆ ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಚಿನ್ನದ ಗಣಿಗಾಗಿ ಹಾಕಿದ ದಾರಿ ಇದು. ಈಗ ಅದೇ ದಾರಿಯಲ್ಲಿ ಬೆಳಗಿನ ಜಾವ ಎದ್ದು, ಡಬ್ಬಿ ಕಟ್ಟಿಕೊಂಡು, ಬೆಂಗಳೂರಿಗೆ ಕೆಲಸಕ್ಕೆ ಬರುವವರು ಸಾವಿರಾರು ಜನ. ನಿಮ್ಮ ಆಫೀಸಿನಲ್ಲೂ ಒಬ್ಬರು ಇರಬಹುದು, ಕೇಳಿ ನೋಡಿ.

ನಾನು ಹೇಳುವ ಸ್ಟಾರ್ಟಪ್‌ಗಳಿಗೆ ಫಂಡಿಂಗ್ ಬೇಡ, ಫೌಂಡರ್ ಬೇಡ. ಕಂಪ್ಯೂಟರ್ ಆನ್ ಮಾಡಿದ್ರೆ ಸಾಕು, ಯಾರೂ ಕರೆಯದೆ ತಾವೇ ಎದ್ದು ಬಂದು ಗಡಿಯಾರದ ಪಕ್ಕ ಸಾಲಾಗಿ ಕೂತ್ಕೊಳ್ತವೆ. ಪ್ರಿಂಟರಿನದೊಂದು, ಮ್ಯೂಸಿಕ್‌ನದೊಂದು, ಮೀಟಿಂಗಿನದೊಂದು, ಎರಡು ವರ್ಷದ ಹಿಂದೆ ಮಾರಿಬಿಟ್ಟ ಫೋನಿನದೊಂದು. ಇವೇ ಸ್ಟಾರ್ಟಪ್ ಪ್ರೋಗ್ರಾಂಗಳು. ಸ್ಕ್ಯಾನರ್ ಕೆಲಸ ಮಾಡ್ತಿಲ್ಲ ಅಂತ ಯಾವುದೇ ಸಪೋರ್ಟ್ ಡೆಸ್ಕಿಗೆ ಫೋನ್ ಮಾಡಿ, ಕೇಬಲ್ಲು, ಡ್ರೈವರ್ರು ಅಂತ ಎಲ್ಲ ಕೇಳಿ ಆದಮೇಲೆ ಅವರು ಹೇಳುವ ಮಾತು ಒಂದೇ: “ಸ್ಟಾರ್ಟಪ್ ಪ್ರೋಗ್ರಾಂಗಳನ್ನೆಲ್ಲ ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ.” ಸಾಗಹಾಕುವುದಕ್ಕೆ ಹೇಳುವ ಮಾತು ಅನ್ನಿಸುತ್ತೆ. ಆದರೆ ಈ ಮಾತಿಗೊಂದು ಚರಿತ್ರೆ ಇದೆ. ಅದರೊಳಗಿನ ತರ್ಕಕ್ಕೆ ಇನ್ನೂ ಹಳೆಯ ಚರಿತ್ರೆ ಇದೆ. ಆ ಹಳೆಯ ಚರಿತ್ರೆ ನಡೆದದ್ದು ಕೋರಮಂಡಲ್‌ಗೆ ಕೆಲವೇ ಕಿಲೋಮೀಟರ್ ದೂರದಲ್ಲಿ, ನೆಲದ ಕೆಳಗೆ.

ಮೊದಲು ಸ್ಕ್ಯಾನರ್ ವಿಷಯ. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕಿರ್ಷ್ ಎಂಬ ಎಂಜಿನಿಯರ್ ತನ್ನ ಹಸುಗೂಸು ಮಗನ ಫೋಟೋ ಒಂದನ್ನು ಕಂಪ್ಯೂಟರಿನೊಳಕ್ಕೆ ಕಳಿಸಿದ. ಡ್ರಮ್ಮಿಗೆ ಸುತ್ತಿದ ಸಣ್ಣ ಫೋಟೋ, 176 ಉದ್ದ, 176 ಅಗಲದ ಚುಕ್ಕಿಗಳು. ಈಗಿನ ವಾಟ್ಸಾಪ್ ಡಿಪಿಯೂ ಅದಕ್ಕಿಂತ ದೊಡ್ಡದು. ಆದರೆ ಆ ಕಂಪ್ಯೂಟರಿಗೆ ಒಂದು ಅನುಕೂಲ ಇತ್ತು. ಸ್ಕ್ಯಾನ್ ಮಾಡುವಾಗ ಅದು ಬೇರೇನೂ ಮಾಡ್ತಾ ಇರಲಿಲ್ಲ. ಒಂದು ಯಂತ್ರ, ಒಂದು ಕೆಲಸ. ಜಗಳಕ್ಕೆ ಎರಡನೆಯವರೇ ಇಲ್ಲ.

ನಮ್ಮ ಪೀಸಿಗಳೂ ಹಾಗೇ ಶುರುವಾದವು. 1981ರ ಎಂಎಸ್-ಡಾಸ್‌ನಲ್ಲಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ. ಅದು ಮುಗಿದರೆ ಮಾತ್ರ ಇನ್ನೊಂದು. ಆದರೆ ಮನುಷ್ಯರಿಗೆ ಅಷ್ಟು ಶಿಸ್ತು ಆಗಿಬರಲ್ಲ ನೋಡಿ. ಲೆಟರ್ ಟೈಪ್ ಮಾಡ್ತಾ ಮಾಡ್ತಾ ಲೆಕ್ಕ ಹಾಕಬೇಕು, ಫೋನ್ ನಂಬರ್ ನೋಡಬೇಕು. 1984ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಸೈಡ್‌ಕಿಕ್ ಬಂತು. ಅದನ್ನು ಒಮ್ಮೆ ಓಡಿಸಿದರೆ ಮುಗಿದಂತೆ ನಟಿಸಿ ಮೆಮೊರಿಯ ಮೂಲೆಯಲ್ಲಿ ಅಡಗಿ ಕೂರುತ್ತಿತ್ತು, ಕೀಲಿ ಒತ್ತಿದಾಗ ಎದ್ದು ಬರುತ್ತಿತ್ತು. ಜನಕ್ಕೆ ಇಷ್ಟವಾಯ್ತು. ಅದರ ಹಿಂದೆ ಹತ್ತಾರು ಬಂದವು. ಇದ್ದ ಜಾಗ ಮಾತ್ರ 640 ಕೆಬಿ. ಸಣ್ಣ ಮನೆಗೆ ನೆಂಟರು ಜಾಸ್ತಿಯಾದ ಹಾಗೆ.

ಅವೆಲ್ಲ ಪ್ರತಿದಿನ ತಾವಾಗಿ ಏಳಬೇಕಾದರೆ ಅವುಗಳ ಹೆಸರನ್ನು ಆಟೋಎಕ್ಸೆಕ್ ಎಂಬ ಫೈಲಿನಲ್ಲಿ ಸಾಲುಸಾಲಾಗಿ ಬರೆಯಬೇಕಿತ್ತು. ಕಂಪ್ಯೂಟರ್ ಎದ್ದ ತಕ್ಷಣ ಆ ಚೀಟಿ ಓದಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಿತ್ತು. ಏನಾದರೂ ಕೈಕೊಟ್ಟರೆ ಗೊತ್ತಿದ್ದವರು ಒಂದೊಂದೇ ಸಾಲಿನ ಹಿಂದೆ ‘ರೆಮ್’ ಅಂತ ಸೇರಿಸಿ ಅದನ್ನು ಮಲಗಿಸಿ ನೋಡ್ತಿದ್ರು. 1993ರಲ್ಲಿ ಬಂದ ಎಂಎಸ್-ಡಾಸ್ 6ರಲ್ಲಿ ಇದಕ್ಕೇ ಕೀಲಿ ಕೊಟ್ಟರು. ಎಫ್5 ಒತ್ತಿದರೆ ಚೀಟಿ ಓದುವುದೇ ಇಲ್ಲ. ಎಫ್8 ಒತ್ತಿದರೆ ಪ್ರತಿ ಸಾಲಿಗೂ “ಇದನ್ನು ಎಬ್ಬಿಸಲಾ, ಬೇಡವಾ?” ಅಂತ ನಿಮ್ಮನ್ನೇ ಕೇಳುತ್ತೆ. ಇವತ್ತು ಸಪೋರ್ಟ್ ಡೆಸ್ಕಿನವರು ಹೇಳುವ ಮಂತ್ರದ ಮೂಲ ಅಲ್ಲಿದೆ.

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಅದರ ಜಾಹೀರಾತಿಗೆ ಮೈಕ್ರೋಸಾಫ್ಟ್ ಆರಿಸಿಕೊಂಡದ್ದು ರೋಲಿಂಗ್ ಸ್ಟೋನ್ಸ್ ಅವರ ‘ಸ್ಟಾರ್ಟ್ ಮಿ ಅಪ್’ ಹಾಡು. ಆ ಮಾತನ್ನು ಸಾಫ್ಟ್‌ವೇರ್ ಕಂಪನಿಗಳು ಸ್ವಲ್ಪ ಜಾಸ್ತಿನೇ ಮನಸ್ಸಿಗೆ ಹಚ್ಚಿಕೊಂಡ್ರು ಅನ್ಸುತ್ತೆ. ಈಗ ಕಣ್ಣಿಗೆ ಕಾಣುವ ಚೀಟಿಯ ಜೊತೆಗೆ ಸ್ಟಾರ್ಟಪ್ ಫೋಲ್ಡರು, ರಿಜಿಸ್ಟ್ರಿಯೊಳಗಿನ ‘ರನ್’ ಕೀಲಿಗಳು ಎಂದು ಹತ್ತು ಬಾಗಿಲು. ಯಾರು ಯಾವ ಬಾಗಿಲಿನಿಂದ ಒಳಗೆ ಬರ್ತಿದ್ದಾರೆ ಅಂತ ಮನೆ ಯಜಮಾನನಿಗೇ ಗೊತ್ತಾಗದ ಕಾಲ.

ಇದೇ ಹೊತ್ತಿಗೆ ಸ್ಕ್ಯಾನರ್ ಅಂಗಡಿ, ಮನೆಗಳಿಗೆ ಬಂತು. ಯಾವ ಕಂಪನಿಯ ಸ್ಕ್ಯಾನರ್ ಆದರೂ ಯಾವ ಪ್ರೋಗ್ರಾಂ ಜೊತೆಗಾದರೂ ಮಾತಾಡಲಿ ಅಂತ ‘ಟ್ವೈನ್’ ಎಂಬ ಒಪ್ಪಂದ 1992ರಲ್ಲೇ ಆಗಿತ್ತು. ಒಪ್ಪಂದವೇನೋ ಚೆನ್ನಾಗಿತ್ತು. ತೊಂದರೆ ಬೇರೆ ಕಡೆ ಇತ್ತು. ಪ್ರಿಂಟರಿಗೆ ಕ್ಯೂ ಉಂಟು, ಹತ್ತು ಜನ ಒಟ್ಟಿಗೆ ಕಳಿಸಿದರೂ ಸಾಲಾಗಿ ನಿಲ್ಲಿಸಿ ಒಂದೊಂದೇ ಮುದ್ರಿಸುತ್ತೆ. ಸ್ಕ್ಯಾನರಿಗೆ ಸಾಮಾನ್ಯವಾಗಿ ಅಂಥ ಕ್ಯೂ ಇಲ್ಲ. ಯಾರು ಮೊದಲು ಕೈ ಹಿಡಿದರೋ ಅವರದ್ದು. ಅವರು ಬಿಡೋವರೆಗೆ ಮಿಕ್ಕವರಿಗೆ ‘ಡಿವೈಸ್ ಬಿಸಿ’, ಇಲ್ಲವೇ ‘ಸ್ಕ್ಯಾನರ್ ಸಿಗಲಿಲ್ಲ’. ಅದರಲ್ಲೂ ಆ ಕಾಲದಲ್ಲಿ ಪ್ರಿಂಟರು, ಸ್ಕ್ಯಾನರು ಎರಡಕ್ಕೂ ಹಿಂದಿದ್ದ ಅಗಲ ಬಾಯಿಯ ಪ್ಯಾರಲಲ್ ಪೋರ್ಟ್ ಒಂದೇ. “ಇಂಕ್ ಇದೆಯಾ? ಪೇಪರ್ ಇದೆಯಾ?” ಅಂತ ಪ್ರಿಂಟರಿನ ಸ್ಟಾರ್ಟಪ್ ಪ್ರೋಗ್ರಾಂ ಗಳಿಗೆಗೊಮ್ಮೆ ಅದೇ ತಂತಿಯಲ್ಲಿ ವಿಚಾರಿಸ್ತಾ ಇದ್ದರೆ, ಪಾಪ ಸ್ಕ್ಯಾನರ್ ಮಾತು ಅರ್ಧಕ್ಕೇ ತುಂಡಾಗ್ತಿತ್ತು.

ಸ್ಕ್ಯಾನರ್ ಎಷ್ಟು ನಾಜೂಕು ಅನ್ನೋದು ಇಡೀ ಜಗತ್ತಿಗೆ ಗೊತ್ತಾದದ್ದು 1998ರ ಏಪ್ರಿಲ್ 20ರಂದು. ಚಿಕಾಗೋದ ಕಾಮ್‌ಡೆಕ್ಸ್ ಮೇಳ. ವೇದಿಕೆ ಮೇಲೆ ಬಿಲ್ ಗೇಟ್ಸ್. ಪಕ್ಕದಲ್ಲಿ ಸಹೋದ್ಯೋಗಿ ಕ್ರಿಸ್ ಕಪೊಸೆಲಾ ವಿಂಡೋಸ್ 98 ತೋರಿಸ್ತಿದ್ದಾರೆ. ಸ್ಕ್ಯಾನರ್ ಸಿಕ್ಕಿಸಿದರೆ ಸಾಕು, ತಾನೇ ಗುರುತು ಹಿಡಿಯುತ್ತೆ ಅಂತ ಹೇಳಿ ಕೇಬಲ್ ಸಿಕ್ಕಿಸಿದರು. ಇಡೀ ಪರದೆ ನೀಲಿ! ಸಭೆಯೆಲ್ಲ ನಗು, ಚಪ್ಪಾಳೆ. ಅದಕ್ಕೇ ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಅಂತ ಗೇಟ್ಸ್ ತಮಾಷೆ ಮಾಡಿ ತೇಲಿಸಿದರು. ಎರಡು ತಿಂಗಳ ನಂತರ ಬಿಡುಗಡೆಯಾದ ಆ ವಿಂಡೋಸ್ 98ರೊಳಗೆ ಒಂದು ಹೊಸ ಸಾಧನ ಇತ್ತು. ಹೆಸರು ಎಂಎಸ್‌ಕಾನ್ಫಿಗ್. ಯಾರ‍್ಯಾರು ತಾವಾಗಿ ಏಳ್ತಾರೆ ಅನ್ನೋ ಪಟ್ಟಿ, ಪ್ರತಿ ಹೆಸರಿನ ಮುಂದೆ ಒಂದು ಟಿಕ್. ಬೇಡ ಅಂದ್ರೆ ಟಿಕ್ ತೆಗೆಯಿರಿ, ಬೇಕಾದಾಗ ಮತ್ತೆ ಹಾಕಿ. 2012ರ ವಿಂಡೋಸ್ 8ರಿಂದ ಆ ಪಟ್ಟಿ ಟಾಸ್ಕ್ ಮ್ಯಾನೇಜರಿನ ಒಳಗೆ ಸೇರಿಕೊಂಡಿದೆ.

ಇದೆಲ್ಲ ಅಮೆರಿಕದ ಮಾತಾಯ್ತು, ಬಂಗಾರಪೇಟೆಗೇನು ಅಂತೀರಾ? 2001ರ ಆಸುಪಾಸಿನಲ್ಲಿ ನಮ್ಮ ತಾಲೂಕು ಕಚೇರಿಗಳಿಗೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಶಾನುಭೋಗರ ಕಾಲದ ಪುಸ್ತಕದಿಂದ ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತಿತ್ತು. ಖಾತೆ ಬದಲಾವಣೆಯ ಆದೇಶವನ್ನು ಸ್ಕ್ಯಾನ್ ಮಾಡಿ ಇಡುವುದೂ ಆ ಪದ್ಧತಿಯ ಭಾಗವಾಗಿತ್ತು. ಆಮೇಲೆ ‘ಕಾವೇರಿ’ ತಂತ್ರಾಂಶ ಬಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಗಳೂ ಸ್ಕ್ಯಾನರಿನ ಗಾಜಿನ ಮೇಲೆ ಮಲಗತೊಡಗಿದವು. ನಮ್ಮಪ್ಪನ ಕಾಲದಲ್ಲಿ ಕಾಗದ ಟ್ರಂಕಿನಲ್ಲಿದ್ದರೆ ಸಾಕಿತ್ತು. ಈಗ ಟ್ರಂಕಿನಲ್ಲಿದ್ದೂ ಸ್ಕ್ಯಾನ್ ಆಗದಿದ್ದರೆ ಆ ಕಾಗದ ಇಲ್ಲದ ಲೆಕ್ಕ.

ಕೆಜಿಎಫ್‌ಗೆ ಈ ಮಾತು ಎರಡು ಪಟ್ಟು ನಿಜ. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. 1880ರಿಂದ ಜಾನ್ ಟೇಲರ್ ಕಂಪನಿ, 1956ರಿಂದ ಮೈಸೂರು ಸರ್ಕಾರ, 1962ರಿಂದ ಕೇಂದ್ರ ಸರ್ಕಾರ ನಡೆಸಿಕೊಂಡು ಬಂದ ಗಣಿ. ಸಾವಿರಾರು ಮನೆಗಳಲ್ಲಿ ಉಳಿದದ್ದು ಕಾಗದಗಳು. ಸರ್ವಿಸ್ ಸರ್ಟಿಫಿಕೇಟು, ಪಿಎಫ್ ಚೀಟಿ, ಕ್ವಾರ್ಟರ್ಸ್ ಪತ್ರ. ಆ ಮನೆಗಳ ಮಕ್ಕಳಿಗೆ ಈಗ ಎಲ್ಲ ಅರ್ಜಿಯೂ ಆನ್‌ಲೈನು.

ಕೆಲವು ವರ್ಷದ ಹಿಂದೆ ಕೋರಮಂಡಲ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ವಯಸ್ಸಾದ ಅಮ್ಮ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕು ಮಡಿಕೆಯಾದ, ಮಡಿಕೆಯಲ್ಲೇ ಹರಿಯತೊಡಗಿದ್ದ ಕಾಗದ. ಗಂಡನ ಗಣಿ ಕೆಲಸದ ಸರ್ಟಿಫಿಕೇಟ್. ಅರ್ಜಿಗೆ ಅವತ್ತೇ ಕೊನೇ ದಿನ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಮಡಿಕೆಯ ನೆರಳು ಬಿದ್ದು ಅಕ್ಷರ ಕಾಣ್ತಿಲ್ಲ ಅಂತ ಹಿಂದೆ ಒಂದು ಸಲ ವಾಪಸ್ ಬಂದಿತ್ತಂತೆ.

“ಮೆಷಿನ್ ಕೆಟ್ಟೋಗಿದೆ ಅಮ್ಮಾ, ಬಂಗಾರಪೇಟೆಗೆ ಹೋಗ್ಬಿಡಿ” ಅಂದ ಅಂಗಡಿಯವನು.

“ಆಟೋಗೆ ಎಲ್ಲಿಂದ ತರ್ಲಿ ತಂಬಿ? ಇನ್ನೊಂದ್ಸಲ ನೋಡಪ್ಪಾ.”

“ಅಣ್ಣಾ, ನಾನು ಒಂದ್ನಿಮಿಷ ನೋಡ್ಲಾ?” ಅಂದೆ.

“ನೋಡಿ ಸಾರ್. ಹೊಸ ಮೆಷಿನ್ನು, ತಂದು ಮೂರು ತಿಂಗಳೂ ಆಗಿಲ್ಲ. ಜೆರಾಕ್ಸ್ ಬರುತ್ತೆ, ಪ್ರಿಂಟ್ ಬರುತ್ತೆ, ಸ್ಕ್ಯಾನ್ ಮಾತ್ರ ಒಂದಿನ ಬರುತ್ತೆ, ಒಂದಿನ ಇಲ್ಲ.”

ಅವನ ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಜೆರಾಕ್ಸ್ ಬರ್ತಿದೆ ಅಂದ್ರೆ ಗಾಜು, ಲೈಟು, ಮೋಟರ್ ಎಲ್ಲ ಸರಿ ಇದೆ. ಒಂದಿನ ಬರುತ್ತೆ, ಒಂದಿನ ಇಲ್ಲ ಅಂದ್ರೆ ಸುಟ್ಟುಹೋಗಿರುವುದು ಏನೂ ಇಲ್ಲ, ಯಾರೋ ಅಡ್ಡ ಬರ್ತಿದ್ದಾರೆ. ಟಾಸ್ಕ್ ಮ್ಯಾನೇಜರ್ ತೆಗೆದು ಸ್ಟಾರ್ಟಪ್ ಪಟ್ಟಿ ನೋಡಿದರೆ ಹದಿನಾರು ಹೆಸರು. ಆಂಟಿವೈರಸ್ ಒಂದನ್ನು ಬಿಟ್ಟು ಮಿಕ್ಕ ಹದಿನೈದನ್ನೂ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ಸ್ಕ್ಯಾನ್ ಒತ್ತಿದರೆ ಬೆಳಕು ಸರ್ರನೆ ಓಡಿತು. ಕಾಗದ ಪರದೆ ಮೇಲೆ ಬಂತು, ಮಡಿಕೆ ಸಮೇತ, ಆದರೆ ಪ್ರತಿ ಅಕ್ಷರವೂ ಓದುವ ಹಾಗೆ. ಅಮ್ಮ ಪರದೆ ನೋಡಲಿಲ್ಲ. ಗಾಜಿನ ಮೇಲಿಂದ ಕಾಗದ ಎತ್ತಿಕೊಂಡು ಮೊದಲು ಕವರಿನೊಳಗೆ ಇಟ್ಟುಕೊಂಡರು.

ಅವರು ಹೋದಮೇಲೆ ಕಳ್ಳನನ್ನು ಹುಡುಕಿದೆವು. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಹದಿನೈದರಲ್ಲಿ ಅರ್ಧದಷ್ಟನ್ನು ಮಾತ್ರ ಎಬ್ಬಿಸಿ. ತೊಂದರೆ ಬಂದರೆ ಕಳ್ಳ ಆ ಗುಂಪಿನಲ್ಲಿದ್ದಾನೆ, ಬರದಿದ್ದರೆ ಈಚೆ ಗುಂಪಿನಲ್ಲಿ. ಮತ್ತೆ ಅರ್ಧ, ಮತ್ತೆ ಅರ್ಧ. ಹದಿನೈದು ಸಲ ರೀಸ್ಟಾರ್ಟ್ ಮಾಡುವ ಕಡೆ ನಾಲ್ಕು ಸಲಕ್ಕೆ ಮುಗಿಯುತ್ತೆ. ಇಬ್ಬರು ಸೇರಿ ಮಾಡುವ ಜಗಳವಾದರೆ ಮಾತ್ರ ಈ ಲೆಕ್ಕ ತಪ್ಪುತ್ತೆ, ಆಗ ಒಂದೊಂದೇ ಎಬ್ಬಿಸಬೇಕು. ಇಲ್ಲಿ ಸಿಕ್ಕಿದ್ದು ಒಬ್ಬನೇ. ಗುಜರಿಗೆ ಹಾಕಿದ ಹಳೇ ಸ್ಕ್ಯಾನರಿನ ಪ್ರೋಗ್ರಾಂ! ಯಜಮಾನ ಹೋಗಿದ್ದರೂ ಅದು ದಿನಾ ಬೆಳಿಗ್ಗೆ ಎದ್ದು, ಬಟನ್ ಯಾರಾದ್ರೂ ಒತ್ತಿದ್ರಾ ಅಂತ ಕಾಯ್ತಾ, ಹೊಸ ಸ್ಕ್ಯಾನರಿನ ಕೈ ಹಿಡಿದುಕೊಂಡು ಕೂತಿತ್ತು. ಅದನ್ನು ತೆಗೆದುಹಾಕಿ ಮಿಕ್ಕ ಹದಿನಾಲ್ಕನ್ನೂ ಮೊದಲಿನ ಹಾಗೆ ಆನ್ ಮಾಡಿದೆವು.

ಈಗ ನೆಲದ ಕೆಳಗಿನ ಚರಿತ್ರೆಗೆ ಬರೋಣ. ಅಂಗಡಿಯಲ್ಲಿ ಮಾಡಿದ ಕೆಲಸದ ಸಾರ ಇಷ್ಟೇ: ಬೇಕಾದ ಒಂದು ದನಿ ಕೇಳಿಸಬೇಕಾದರೆ ಮಿಕ್ಕ ಸದ್ದನ್ನೆಲ್ಲ ನಿಲ್ಲಿಸಬೇಕು. ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಇದೇ ಕೆಜಿಎಫ್‌ನಲ್ಲಿ ಮಾಡಿದ್ದರು. ಆಕಾಶದಿಂದ ಮ್ಯೂಆನ್ ಎಂಬ ಕಣಗಳು ಹಗಲು ರಾತ್ರಿ ಸುರೀತಾ ಇರ್ತವೆ. ನಿಮ್ಮ ಅಂಗೈ ಚಾಚಿದರೆ ಹೆಚ್ಚುಕಮ್ಮಿ ಸೆಕೆಂಡಿಗೊಂದು ಅದನ್ನು ತೂರಿಕೊಂಡು ಹೋಗುತ್ತೆ. ಅದೇ ಆಕಾಶದಿಂದ ನ್ಯೂಟ್ರಿನೋಗಳೂ ಬರುತ್ತವೆ. ಆದರೆ ಅವು ಯಾವುದರ ತಂಟೆಗೂ ಹೋಗದ ಮೌನಿಗಳು, ಭೂಮಿಯನ್ನೇ ತೂರಿ ಆಚೆ ಹೋಗ್ತವೆ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ಡಿಕ್ಕಿ ಹೊಡೆಯುತ್ತೆ. ಮ್ಯೂಆನ್‌ಗಳ ಗದ್ದಲದಲ್ಲಿ ಆ ಒಂದು ಡಿಕ್ಕಿಯನ್ನು ಗುರುತಿಸೋದು ಹೇಗೆ?

ಮ್ಯೂಆನ್‌ಗಳನ್ನು ‘ಡಿಸೇಬಲ್’ ಮಾಡುವ ಬಟನ್ ಇಲ್ಲ. ಇರುವ ಉಪಾಯ ಒಂದೇ, ತಲೆ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಹೊದ್ದುಕೊಳ್ಳುವುದು. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಬಿ.ವಿ. ಶ್ರೀಕಂಠನ್ ಮುಂತಾದವರು, 1950ರ ದಶಕದಿಂದಲೇ ಕೋಲಾರದ ಗಣಿಗೆ ಇಳಿದು ಬೇರೆ ಬೇರೆ ಆಳದಲ್ಲಿ ಮ್ಯೂಆನ್ ಎಣಿಸುತ್ತಿದ್ದರು. ಆಳಕ್ಕೆ ಹೋದಂತೆ ಎಣಿಕೆ ಇಳಿಯುತ್ತಾ ಬಂತು. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳಷ್ಟು ಕಾದರೂ ಒಂದೂ ಬರಲಿಲ್ಲ. ಬೇರೆ ಪ್ರಯೋಗದಲ್ಲಾದರೆ ಸೊನ್ನೆ ಅಂದ್ರೆ ನಿರಾಸೆ. ಇಲ್ಲಿ ಅದೇ ಸಿಹಿಸುದ್ದಿ. ಸದ್ದು ನಿಂತಿದೆ, ಇನ್ನು ಕಿವಿಗೊಡಬಹುದು.

ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳು ಸೇರಿ ಉಪಕರಣ ಕಟ್ಟಿದವು. ಅಷ್ಟು ಆಳದಲ್ಲೂ ಅಳಿದುಳಿದ ಮ್ಯೂಆನ್‌ಗಳು ಬರುತ್ತಿದ್ದದ್ದು ಹೆಚ್ಚಾಗಿ ನೆತ್ತಿಯ ಕಡೆಯಿಂದ. ಹಾಗಾಗಿ ಉಪಕರಣವನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ಅಡ್ಡಡ್ಡ ಬರುವ ಗುರುತುಗಳಿಗೆ ಕಾದರು. 1965ರಲ್ಲಿ ಸಿಕ್ಕಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಹಿಡಿದ ಬಗ್ಗೆ ಪ್ರಕಟವಾದ ಮೊದಲ ವರದಿ ಕೋಲಾರದ್ದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಅದರ ಹಿಂದೆಯೇ, ಅದೇ ತಿಂಗಳು ಬಂತು. ಕೆಜಿಎಫ್ ಅಂದ್ರೆ ಸಿನಿಮಾ ಅಂತ ಮಾತ್ರ ಗೊತ್ತಿರುವ ಗೆಳೆಯರಿಗೆ ನಾನು ಮೊದಲು ಹೇಳೋದು ಇದನ್ನೇ.

ಆದರೆ ನಿಲ್ಲಿಸೋದರಲ್ಲಿ ಎರಡು ಬಗೆ ಇದೆ. ತಿಳಿದುಕೊಳ್ಳೋದಕ್ಕೆ ನಿಲ್ಲಿಸೋದು ಒಂದು. ಬೇಡ ಅಂತ ನಿಲ್ಲಿಸೋದು ಇನ್ನೊಂದು. ಎಂಎಸ್‌ಕಾನ್ಫಿಗ್ ಮಾಡಿದವರು ಹೆಸರನ್ನು ಅಳಿಸದೆ ಟಿಕ್ ಮಾತ್ರ ತೆಗೆಯುವ ಹಾಗೆ ಮಾಡಿದ್ದು ಅದಕ್ಕೇ. ಪರೀಕ್ಷೆ ಮುಗಿದಮೇಲೆ ನಿರಪರಾಧಿಗಳನ್ನು ವಾಪಸ್ ಎಬ್ಬಿಸಬೇಕು. ಎಷ್ಟೋ ಆಫೀಸುಗಳಲ್ಲಿ ಈ ಎರಡನೇ ಅರ್ಧ ಮರೆತೇ ಹೋಗುತ್ತೆ. ಸರ್ವಿಸಸ್ ಪಟ್ಟಿಗೂ ಹೋಗಿ ಕಂಡಕಂಡದ್ದನ್ನೆಲ್ಲ ಆಫ್ ಮಾಡ್ತಾರೆ. ಅದರಲ್ಲಿ ‘ವಿಂಡೋಸ್ ಇಮೇಜ್ ಅಕ್ವಿಸಿಷನ್’ ಕೂಡ ಹೋಗಿರುತ್ತೆ. ಎಷ್ಟೋ ಸ್ಕ್ಯಾನರ್‌ಗಳು ಮಾತಾಡುವುದೇ ಅದರ ಮೂಲಕ. ಸದ್ದು ಅಂತ ತಿಳಿದು ಗಂಟಲನ್ನೇ ಹಿಚುಕಿದ ಹಾಗೆ.

ಕೆಜಿಎಫ್‌ನಲ್ಲಿ ಆದದ್ದೂ ಒಂದು ರೀತಿ ಅದೇ. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು, ಅದು ನಿಜ. ಆದರೆ ಆ ಒಂದು ಕಂಪನಿಯ ಸ್ವಿಚ್ಚಿಗೆ ಏನೇನು ತಗುಲಿಕೊಂಡಿತ್ತು ನೋಡಿ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಮೊದಲು ಬಂದದ್ದು ಈ ಗಣಿಗೆ, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಊರಿನ ಆಸ್ಪತ್ರೆ, ಕಾಲೊನಿ, ಮಕ್ಕಳ ಓದು ಎಲ್ಲ ಗಣಿಯ ನೆರಳಲ್ಲಿ ನಡೆದಿತ್ತು. ವಿಜ್ಞಾನಿಗಳ ಪ್ರಯೋಗಗಳು 1990ರ ದಶಕದ ಆರಂಭದಲ್ಲೇ ನಿಂತಿದ್ದವು. ಗಣಿ ಮುಚ್ಚಿದಮೇಲೆ ನೀರು ಎತ್ತುವ ಪಂಪುಗಳೂ ನಿಂತು ಆ ಆಳವೆಲ್ಲ ನೀರು ತುಂಬಿಕೊಂಡಿತು. ಅಂಥ ನಿಶ್ಶಬ್ದದ ಜಾಗ ನಮ್ಮ ದೇಶಕ್ಕೆ ಮತ್ತೆ ಸಿಕ್ಕಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಹೊಸ ನ್ಯೂಟ್ರಿನೋ ಪ್ರಯೋಗಾಲಯ ಕಟ್ಟುವ ಯೋಜನೆ ವಿರೋಧ, ಕೋರ್ಟು ಅಂತ ವರ್ಷಗಳಿಂದ ನಿಂತಲ್ಲೇ ನಿಂತಿದೆ. ಗಣಿಗೆ ಟಿಕ್ ತೆಗೆದವರು ಊರಿಗೆ ವಾಪಸ್ ಟಿಕ್ ಹಾಕಲಿಲ್ಲ. ಬೆಳಗಿನ ರೈಲು ತುಂಬಿ ಬರುವುದಕ್ಕೆ ಕಾರಣ ಅದೇ.

ಹಾಗಾಗಿ ನಿಮ್ಮ ಆಫೀಸಿನ ಸ್ಕ್ಯಾನರ್ ಮುಂದಿನ ಸಲ ಮುನಿಸಿಕೊಂಡಾಗ ಹೊಸದಕ್ಕೆ ಆರ್ಡರ್ ಹಾಕುವ ಮುಂಚೆ ಹತ್ತು ನಿಮಿಷ ಕೊಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಸ್ಟಾರ್ಟಪ್ ಪಟ್ಟಿಗೆ ಹೋಗಿ, ಯಾವ್ಯಾವುದು ಆನ್ ಇತ್ತು ಅಂತ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಆಂಟಿವೈರಸ್ ಬಿಟ್ಟು ಎಲ್ಲವನ್ನೂ ಮಲಗಿಸಿ ನೋಡಿ. ಸ್ಕ್ಯಾನ್ ಬಂತಾ? ಅರ್ಧರ್ಧ ಎಬ್ಬಿಸ್ತಾ ಕಳ್ಳನನ್ನು ಹಿಡಿಯಿರಿ. ಕೊನೆಗೆ ಆ ಚೀಟಿ ನೋಡಿಕೊಂಡು ಉಳಿದವರನ್ನೆಲ್ಲ ಮತ್ತೆ ಎಬ್ಬಿಸಿ. ಕಂಪ್ಯೂಟರಿನಲ್ಲಾದರೂ ಅದು ನಮ್ಮ ಕೈಯಲ್ಲೇ ಇದೆ.